ಪಬ್‌ಮೆಡ್: ನಮ್ಮ ಸರ್ಜನ್ ಬರೆದದ್ದನ್ನು ನಾನೇ ಓದಿದೆ

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ನೋಡಿದವನು ನಾನು. ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಹೋದ ವರ್ಷ ನನ್ನ ಹೆಂಡತಿಯ ನಾಲಿಗೆಯ ಬದಿಯಲ್ಲಿ ಹುಣ್ಣಾಯಿತು. ಮೂರು ವಾರವಾದರೂ ಮಾಯಲಿಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಅವಳು ಎಲೆಅಡಿಕೆ ಕೂಡ ಮುಟ್ಟಿದವಳಲ್ಲ.

ನಾಲಿಗೆಯ ಗಡ್ಡೆಯ ಜೊತೆಗೆ ಕುತ್ತಿಗೆಯ ಗಂಟುಗಳನ್ನೂ (ಲಿಂಫ್ ನೋಡ್, ಎಲ್ಲರಿಗೂ ಇರುವ ಸಣ್ಣ ಗ್ರಂಥಿಗಳು) ಈಗಲೇ ತೆಗೆಯಬೇಕು ಅಂದರು ಸರ್ಜನ್ ಮೇಡಂ. ಸ್ಕ್ಯಾನಿನಲ್ಲಿ ಕುತ್ತಿಗೆಯಲ್ಲಿ ಏನೂ ಕಂಡಿರಲಿಲ್ಲ. "ಏನೂ ಇಲ್ಲದ ಕಡೆ ಯಾಕೆ ಕೊಯ್ಯಬೇಕು?" ಲೋಕಲ್ ಟ್ರೇನಿನಲ್ಲಿ ಮನೆ ಸೇರುವ ತನಕ ಅವಳದು ಅದೇ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಮ್ಮನ ಮಗ ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. "ದೊಡ್ಡಪ್ಪ, ಆ ಡಾಕ್ಟರ ಎಚ್-ಇಂಡೆಕ್ಸ್ ನೋಡಿ" ಅಂದ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಕೊಟ್ಟ ಲೆಕ್ಕ ಅದು. ನಿಮ್ಮ 20 ಸಂಶೋಧನಾ ಲೇಖನಗಳನ್ನು ಬೇರೆಯವರು ತಲಾ 20 ಸಲವಾದರೂ ಉಲ್ಲೇಖಿಸಿದ್ದರೆ ನಿಮ್ಮ ಅಂಕಿ 20. ಒಂದು ಜಾಲತಾಣದಲ್ಲಿ ಮೇಡಂ ಹೆಸರಿನ ಎದುರು ದೊಡ್ಡ ಅಂಕಿಯೇ ಇತ್ತು. ಸಮಾಧಾನವಾಯಿತು. ಆದರೆ ಬ್ಯಾಂಕಿನ ಅಭ್ಯಾಸ, ಮೊತ್ತ ನೋಡಿ ಸುಮ್ನೆ ಬಿಡಲಾಗುವುದಿಲ್ಲ. ಕೆಳಗೆ ಪಟ್ಟಿ ನೋಡಿದರೆ ಭತ್ತದ ರೋಗದ ಬಗ್ಗೆ ಹನ್ನೊಂದು ಲೇಖನ! ಅದೇ ಹೆಸರಿನ ಇನ್ಯಾರದೋ ದುಡಿಮೆ ಇವರ ಖಾತೆಗೆ ಜಮೆಯಾಗಿತ್ತು. ನಮ್ಮವರ ಹೆಸರುಗಳ ಪಾಡು ಗೊತ್ತಲ್ವಾ? ಮುಂದೆ ಊರಿನ ಅಕ್ಷರ, ಅಪ್ಪನ ಅಕ್ಷರ. ಮುಂಬೈಗೆ ಬಂದ ಮೇಲೆ ಅಪ್ಪನ ಹೆಸರೇ ಅಡ್ಡಹೆಸರು (ಸರ್‌ನೇಮ್). ಒಬ್ಬರೇ ಮೂವರಾಗುತ್ತಾರೆ, ಮೂವರು ಒಬ್ಬರಾಗುತ್ತಾರೆ.

ಆಮೇಲೆ ಪಬ್‌ಮೆಡ್‌ಗೆ ಹೋದೆ. ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಜಾಲತಾಣ ಅದು. ಇದನ್ನು ನಡೆಸುವುದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ. 1997ರಿಂದ ಎಲ್ಲರಿಗೂ ಪುಕ್ಕಟೆ. ಲಾಗಿನ್ ಬೇಡ, ಜಾಹೀರಾತಿನ ಕಾಟ ಇಲ್ಲ. ಅಡ್ಡಹೆಸರು ಮೊದಲು, ಇನಿಷಿಯಲ್ ಆಮೇಲೆ ಟೈಪ್ ಮಾಡಿ. ಜೊತೆಗೆ ಊರು, ರೋಗದ ಹೆಸರು ಸೇರಿಸಿ. 2002ಕ್ಕಿಂತ ಹಳೆಯ ಲೇಖನಗಳಲ್ಲಿ ಬರೀ ಇನಿಷಿಯಲ್ ಇರುತ್ತದೆ, ಹಾಗಾಗಿ ಅಲ್ಲಿ ಜಾಸ್ತಿ ಹುಷಾರಾಗಿರಬೇಕು. ಲೇಖನ ಹಿಂತೆಗೆದುಕೊಂಡಿದ್ದರೆ ಮೇಲೆಯೇ ದೊಡ್ಡದಾಗಿ ತಿಳಿಸುತ್ತದೆ. ಇದು ನನಗೆ ತುಂಬಾ ಹಿಡಿಸಿತು.

ಮೇಡಂ ಬರೆದದ್ದು ಹೆಚ್ಚಾಗಿ ನಾಲಿಗೆ, ಕೆನ್ನೆಯ ಕ್ಯಾನ್ಸರ್ ಬಗ್ಗೆಯೇ. ಅವರ ಲೇಖನಗಳು ಮತ್ತೆ ಮತ್ತೆ ಒಂದೇ ಅಧ್ಯಯನದ ಕಡೆ ಬೆರಳು ತೋರಿಸುತ್ತಿದ್ದವು. ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ್ದು. ಕೆಲಸಕ್ಕೆ ಹೋಗುವಾಗ ನಾನು ದಿನಾ ದಾಟುತ್ತಿದ್ದ ಪರೇಲ್‌ನಲ್ಲೇ ನಡೆದ ಕೆಲಸ! ಬಾಯಿಯ ಕ್ಯಾನ್ಸರ್ ಶುರುವಿನ ಹಂತದಲ್ಲಿದ್ದ, ಕುತ್ತಿಗೆಯಲ್ಲಿ ಏನೂ ಕಾಣದ 500 ಜನರ ಲೆಕ್ಕ. ಕೆಲವರಿಗೆ ಮೊದಲ ಆಪರೇಷನ್‌ನಲ್ಲೇ ಕುತ್ತಿಗೆಯ ಗಂಟು ತೆಗೆದರು. ಉಳಿದವರಿಗೆ ಗಂಟಿನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡ ಮೇಲೆ ತೆಗೆದರು. ಮೂರು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 80, ಎರಡನೆಯದರಲ್ಲಿ ಶೇ. 67.5.

ಅಡುಗೆಮನೆಯಲ್ಲಿ ನಿಂತು ಇದನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವಳು ಗ್ಯಾಸ್ ಆರಿಸಿದಳು. "ಹಾಗಾದರೆ ಕುತ್ತಿಗೆಯದನ್ನೂ ತೆಗೆಯಲಿ" ಅಂದಳು. ಎಚ್-ಇಂಡೆಕ್ಸ್ ಎಷ್ಟು ಅಂತ ಅವಳು ಕೇಳಲೇ ಇಲ್ಲ.

ಪಬ್‌ಮೆಡ್‌ಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಯಾಕೆಂದರೆ, ಎಷ್ಟೋ ಲೇಖನಗಳಿಗೆ ಇಲ್ಲಿ ಸಾರಾಂಶ ಮಾತ್ರ ಸಿಗುತ್ತದೆ. ಪೂರ್ತಿ ಓದಲು ಪತ್ರಿಕೆಯವರಿಗೆ ದುಡ್ಡು ಕೊಡಬೇಕು. ಪುಕ್ಕಟೆ ಇರುವುದನ್ನಷ್ಟೇ ತೋರಿಸುವ ಆಯ್ಕೆ ಎಡಗಡೆ ಇದೆ, ಮೊದಲು ಅದನ್ನು ಒತ್ತಿ. ಭಾಷೆಯೂ ಕಷ್ಟವೇ. ಒಂದು ಸಾರಾಂಶ ಓದಲು ನನಗೆ ಎರಡು ಸಂಜೆ ಬೇಕಾಯಿತು.

ಓದಿದ್ದನ್ನು ಪ್ರಿಂಟ್ ತೆಗೆದು ಡಾಕ್ಟರ ಹತ್ತಿರ ಒಯ್ಯಿರಿ. ನಿಮ್ಮ ರೋಗಿಗೆ ಅದು ಒಪ್ಪುತ್ತದೋ ಇಲ್ಲವೋ ಅವರೇ ಹೇಳಬೇಕು. ನಮ್ಮ ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಹಾಳೆ ತಿರುಗಿಸಿ, ಹಿಂದೆ ಒಂದು ಕುತ್ತಿಗೆಯ ಚಿತ್ರ ಬರೆದರು. ಎಲ್ಲಿ ಕೊಯ್ಯುತ್ತಾರೆ, ಯಾವ ನರ ಉಳಿಸುತ್ತಾರೆ ಅಂತ ಗೆರೆ ಎಳೆದು ನನ್ನ ಹೆಂಡತಿಯ ಕೈಗೆ ಕೊಟ್ಟರು.