ಹೈಲೈಟ್ಸ್ ಆದ ಕೂದಲನ್ನು ಮತ್ತೆ ಕಂದು ಮಾಡಲು ಐದು ದಾರಿ: ಅಕ್ಕಪಕ್ಕ ಇಟ್ಟು ನೋಡಿದಾಗ

ಹೈಲೈಟ್ಸ್, ಅಂದರೆ ಬ್ಲೀಚ್ ಮಾಡಿ ತಿಳಿ ಬಣ್ಣಕ್ಕೆ ತಂದ ಎಳೆಗಳು, ಸಾಕಾಗಿ ಹಳೇ ಕಂದು ಬಣ್ಣಕ್ಕೆ ವಾಪಸ್ ಹೋಗಬೇಕು ಅನ್ನಿಸಿದಾಗ ಎಲ್ಲರೂ ಅಂದುಕೊಳ್ಳುವುದು ಒಂದೇ: ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗೋದು ತಾನೇ, ಮೇಲೆ ಒಂದು ಬ್ರೌನ್ ಹಚ್ಚಿದರೆ ಮುಗೀತು. ಆದರೆ ಬ್ಲೀಚ್ ಆದ ಎಳೆಯ ಮೇಲೆ ನೇರವಾಗಿ ಬ್ರೌನ್ ಹಚ್ಚಿದರೆ ಅದು ಕೆಸರಿನ ಬಣ್ಣಕ್ಕೆ ಹೋಗಬಹುದು, ಹಸಿರಿಗೂ ತಿರುಗಬಹುದು. ಸರಿಯಾಗಿ ಬಂದರೂ ಸ್ವಲ್ಪ ದಿನಕ್ಕೇ ತೊಳೆದು ಹೋಗಬಹುದು.

ಅದಕ್ಕೇ ಎಲ್ಲ ದಾರಿಗಳನ್ನೂ ಒಂದೇ ಕೂದಲಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ನನ್ನ ಸ್ವಂತ ಬಣ್ಣ ಗಾಢ ಕಂದು. ಹೈಲೈಟ್ಸ್ ಮಾತ್ರ ಹಳದಿಗೆ ಹೋಗಿದ್ದವು, ಬಾಳೆಹಣ್ಣಿನ ಸಿಪ್ಪೆಯ ಒಳಮೈ ಇರುತ್ತದಲ್ಲ, ಹಾಗೆ. ಕಿವಿಯ ಹಿಂದೆ ಮೇಲಿನ ಕೂದಲು ಮುಚ್ಚಿಕೊಳ್ಳುವ ಜಾಗದಲ್ಲಿ ಬೇರೆ ಬೇರೆ ಎಳೆ ಆರಿಸಿಕೊಂಡು ಒಂದೊಂದಕ್ಕೆ ಒಂದೊಂದು ವಿಧಾನ. ಒಮ್ಮೆ ಹಚ್ಚಿದರೆ ಆಮೇಲೆ ತೆಗೆಯಲು ಆಗದ್ದನ್ನು ಮಾತ್ರ, ಕತ್ತರಿಸಿದ ಕೂದಲ ತುದಿಗಳನ್ನು ದಾರದಲ್ಲಿ ಕಟ್ಟಿಕೊಂಡು ಅದರ ಮೇಲೆ ನೋಡಿದೆ. ಎಲ್ಲಕ್ಕೂ ಅದೇ ಶಾಂಪೂ, ಅದೇ ನೀರು.

ಬಣ್ಣ ಯಾಕೆ ಕೆಡುತ್ತದೆ ಅನ್ನೋದು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ. ಕಂದು ಕೂದಲಿನ ಒಳಗೆ ಕೆಂಪು, ಕಿತ್ತಳೆ, ಹಳದಿ ಎಲ್ಲವೂ ಅಡಗಿರುತ್ತವೆ. ಬ್ಲೀಚ್ ಕೆಲಸ ಮಾಡುವಾಗ ಕೂದಲು ಮೊದಲು ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಕೊನೆಗೆ ಹಳದಿಯಾಗುವುದನ್ನು ನೀವೂ ನೋಡಿರುತ್ತೀರಿ. ಹಳದಿ ಹಂತಕ್ಕೆ ಬಂದ ಎಳೆಯಲ್ಲಿ ಕೆಂಪು ಹೆಚ್ಚುಕಡಿಮೆ ಖಾಲಿ. ಅದರ ಮೇಲೆ ಆಶ್ ಬ್ರೌನ್ (ಬೂದಿ ಛಾಯೆಯ ಕಂದು) ಹಚ್ಚಿದರೆ ಆಶ್‌ನಲ್ಲಿರುವ ನೀಲಿಗೆ ಸಿಗೋದು ಬರೀ ಹಳದಿ. ನೀಲಿ, ಹಳದಿ ಸೇರಿದರೆ ಹಸಿರು, ಅಷ್ಟೇ. ಅಂದರೆ ಹೈಲೈಟ್ಸ್‌ಗೆ ಮೊದಲು ಬೇಕಾಗಿರೋದು ಕಳೆದುಹೋದ ಕೆಂಪು. ಕಂದು ಆಮೇಲೆ. ಇದನ್ನು ನೋಡಿಕೊಂಡ ವಿಧಾನಗಳೇ ಗೆದ್ದವು.

ಇನ್ನೊಂದು ವಿಷಯ. ಬ್ಲೀಚ್ ಆದ ಕೂದಲಿನ ಹೊರಪದರ ತೆರೆದುಕೊಂಡಿರುತ್ತದೆ. ಬಣ್ಣವನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ತುದಿಯಲ್ಲಿ ಇದು ಇನ್ನೂ ಜಾಸ್ತಿ. ಹಾಗಾಗಿ ಬೇಕಾದ ಬಣ್ಣಕ್ಕಿಂತ ಒಂದು ಹಂತ ತಿಳಿಯಾದದ್ದನ್ನೇ ಆರಿಸಬೇಕು. ಡಬ್ಬಿಯ ಮೇಲೆ 5.3, 7.43 ಅಂತೆಲ್ಲ ಇರುತ್ತದಲ್ವಾ? ಚುಕ್ಕೆಗಿಂತ ಮೊದಲು ಬರುವ ಅಂಕಿ ಬಣ್ಣ ಎಷ್ಟು ಗಾಢ ಅಂತ ಹೇಳುತ್ತದೆ. 1 ಅಂದರೆ ಕಪ್ಪು, 4 ಮಧ್ಯಮ ಕಂದು, 5 ತಿಳಿ ಕಂದು, 10 ಅತಿ ತಿಳಿ. ಚುಕ್ಕೆ ಆದಮೇಲೆ ಬರೋದು ಛಾಯೆ. ಬಹಳಷ್ಟು ಬ್ರಾಂಡ್‌ಗಳಲ್ಲಿ 1 ಆಶ್, 3 ಗೋಲ್ಡ್, 4 ಕಾಪರ್. ಎಲ್ಲರದೂ ಒಂದೇ ಲೆಕ್ಕ ಅಲ್ಲ, ಬ್ರಾಂಡ್‌ನ ಚಾರ್ಟ್ ನೋಡಿಕೊಳ್ಳಿ.

ಮೊದಲು ಎಲ್ಲರ ಕೈಗೂ ಸುಲಭವಾಗಿ ಸಿಗುವ ಪರ್ಮನೆಂಟ್ ಡೈ. ಇದರ ಜೊತೆ ಬರುವ ಡೆವಲಪರ್ ಸಾಮಾನ್ಯವಾಗಿ 20 ವಾಲ್ಯೂಮ್, ಅಂದರೆ 6% ಹೈಡ್ರೋಜನ್ ಪೆರಾಕ್ಸೈಡ್. ಅದು ಬಣ್ಣ ಕೂರಿಸೋದರ ಜೊತೆಗೆ ಇರುವ ಬಣ್ಣವನ್ನು ಸ್ವಲ್ಪ ಎತ್ತುತ್ತದೆ ಕೂಡ, ಅಂದರೆ ತಿಳಿ ಮಾಡುತ್ತದೆ. ಒಂದು ಎಳೆಗೆ ಆಶ್ ಬ್ರೌನ್, ಪಕ್ಕದ್ದಕ್ಕೆ ಗೋಲ್ಡನ್ ಬ್ರೌನ್ ಹಚ್ಚಿದೆ. ಆಶ್ ಹಚ್ಚಿದ್ದನ್ನು ಸ್ವಲ್ಪ ಹೊತ್ತಿನ ಮೇಲೆ ಒದ್ದೆ ಹತ್ತಿಯಿಂದ ಒರೆಸಿ ನೋಡಿದರೆ ಪಾಚಿ ಬಣ್ಣ. ತೊಳೆದು ಒಣಗಿಸಿದ ಮೇಲೂ ಕಿಟಕಿಯ ಬೆಳಕಿನಲ್ಲಿ ಹಸಿರು ಕಾಣುತ್ತಿತ್ತು. ಬಾತ್‌ರೂಮ್ ಬಲ್ಬಿನಡಿ ಮಾತ್ರ ಚೆನ್ನಾಗೇ ಕಾಣುತ್ತಿತ್ತು, ಮೋಸ ಹೋಗೋದು ಅಲ್ಲೇ. ಗೋಲ್ಡನ್ ಬ್ರೌನ್ ಪರವಾಗಿಲ್ಲ, ಹಸಿರು ಬರಲಿಲ್ಲ. ಆದರೆ ಮಂಕು, ಜೀವ ಇಲ್ಲದ ಕಂದು.

ನನಗೆ ಇಷ್ಟವಾಗದ್ದು ಬೇರೆಯದೇ. ಹೈಲೈಟ್ಸ್ ಪಕ್ಕದಲ್ಲಿದ್ದ ನನ್ನ ಸ್ವಂತ ಕೂದಲಿಗೂ ಡೈ ತಾಗಿತ್ತಲ್ಲ, ಅದು ಕೆಂಪಗಾಯಿತು. ಪೆರಾಕ್ಸೈಡ್ ಅದನ್ನು ಎತ್ತಿತ್ತು. ಹೈಲೈಟ್ಸ್ ಸರಿಮಾಡಲು ಹೋಗಿ ಚೆನ್ನಾಗಿದ್ದ ಕೂದಲನ್ನೂ ಬದಲಿಸಿದ ಹಾಗಾಯಿತು. ತಲೆಗೆಲ್ಲ ಹಚ್ಚಿದರೆ ಬುಡದಲ್ಲಿ ಹೊಸ ಕೂದಲು ಬರುತ್ತಿದ್ದಂತೆ ಗೆರೆ ಕಾಣುತ್ತದೆ, ಮತ್ತೆ ಮತ್ತೆ ಹಚ್ಚುತ್ತಲೇ ಇರಬೇಕು. ಬಿಳಿಕೂದಲು ಜಾಸ್ತಿ ಇದ್ದು ಅದನ್ನೂ ಮುಚ್ಚಬೇಕು ಅನ್ನುವವರಿಗೆ ಪರ್ಮನೆಂಟ್ ಬೇಕಾಗಬಹುದು. ಬರೀ ಹೈಲೈಟ್ಸ್ ಹೋಗಬೇಕು ಅನ್ನುವವರಿಗೆ ಇದು ಅಗತ್ಯಕ್ಕಿಂತ ಜೋರಾದ ಮದ್ದು.

ಡೆವಲಪರ್ ಇಲ್ಲದ ಸೆಮಿ ಪರ್ಮನೆಂಟ್ ಇದಕ್ಕೆ ಪೂರ್ತಿ ಉಲ್ಟಾ. ಕಂಡೀಷನರ್ ತರಹ ಹಚ್ಚಿ, ಬಿಟ್ಟು, ತೊಳೆಯೋದು. ವಾಸನೆ ಇಲ್ಲ, ಉರಿ ಇಲ್ಲ, ಕೂದಲು ಮೆತ್ತಗೇ ಇರುತ್ತದೆ. ತೆರೆದುಕೊಂಡ ಎಳೆಗಳು ಚೆನ್ನಾಗಿ ಹೀರಿಕೊಳ್ಳುತ್ತವೆ, ನಮ್ಮ ಗಾಢ ಕೂದಲ ಮೇಲೆ ಅಷ್ಟಾಗಿ ಏನೂ ಕಾಣುವುದಿಲ್ಲ. ಇದು ದೊಡ್ಡ ಅನುಕೂಲ, ಒಂದೊಂದೇ ಎಳೆ ಹುಡುಕುವ ಕಷ್ಟ ಇಲ್ಲ. ಮೊದಲ ದಿನ ನನ್ನ ಎಳೆ ಬಹಳ ಚೆನ್ನಾಗಿತ್ತು. ಆಮೇಲೆ ಪ್ರತಿ ಸಲ ತೊಳೆದಾಗಲೂ ಒಂದೊಂದು ಬಣ್ಣ. ಈ ಕಂದು ಆಗಿರೋದೇ ಕೆಂಪು, ಹಳದಿ, ನೀಲಿ ಡೈಗಳನ್ನು ಬೆರೆಸಿ. ಅವೆಲ್ಲ ಒಂದೇ ವೇಗದಲ್ಲಿ ತೊಳೆದು ಹೋಗುವುದಿಲ್ಲ. ನನಗೆ ಕೊನೆಗೆ ಉಳಿದದ್ದು ಗುಲಾಬಿ ಕಡೆಗೆ ವಾಲಿದ ಮಬ್ಬು ಬಣ್ಣ. ಕಂದು ಮುಖಕ್ಕೆ ಒಪ್ಪುತ್ತದಾ ಅಂತ ನೋಡಿಕೊಳ್ಳಲು, ಅಥವಾ ಒಂದು ಸಮಾರಂಭ ದಾಟಿಸಲು ಇದು ಸಾಕು. ದಿಂಬಿನ ಮೇಲೆ ಹಳೇ ಬಟ್ಟೆ ಹಾಸಿಕೊಳ್ಳಿ.

ಈಗ ನನ್ನ ಮೆಚ್ಚಿನದಕ್ಕೆ ಬರೋಣ. ಮೊದಲು ಫಿಲ್ಲರ್, ಅದರ ಮೇಲೆ ಡೆಮಿ ಪರ್ಮನೆಂಟ್. ಎರಡು ಹಂತದ ಕೆಲಸ, ಸಮಯ ಹಿಡಿಯುತ್ತದೆ. ಆದರೆ ಕೆಂಪು ವಾಪಸ್ ತರುವ ಕೆಲಸ ಸರಿಯಾಗಿ ಆಗೋದು ಇಲ್ಲೇ.

ಡೆಮಿಯಲ್ಲಿ ಡೆವಲಪರ್ ಇರುತ್ತದೆ, ಆದರೆ ಕಡಿಮೆ ಶಕ್ತಿಯದು, ಸಾಮಾನ್ಯವಾಗಿ 3% ಅಥವಾ ಅದಕ್ಕಿಂತ ಕಡಿಮೆ. ಬಹುತೇಕದರಲ್ಲಿ ಅಮೋನಿಯ ಇರುವುದಿಲ್ಲ. ಬಣ್ಣ ಕೂರಿಸುತ್ತದೆ, ಎತ್ತೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೈಲೈಟ್ಸ್‌ನಲ್ಲಿ ಎತ್ತಲು ಇನ್ನೇನು ಉಳಿದಿದೆ ಹೇಳಿ? ಕೂರಿಸೋದಷ್ಟೇ ಬೇಕಾಗಿರೋದು.

ಫಿಲ್ಲರ್ ಅಂದರೆ ಬೇರೆ ಏನೋ ಅಲ್ಲ, ಕಾಪರ್ ಗೋಲ್ಡ್ ಛಾಯೆಯ ಡೆಮಿಯೇ. ನಿಮಗೆ ಬೇಕಾದ ಕಂದಿಗಿಂತ ಒಂದೆರಡು ಹಂತ ತಿಳಿಯದು. 5ನೇ ಹಂತದ ತಿಳಿ ಕಂದು ಬೇಕಿದ್ದರೆ 7.43 ತರಹದ್ದು ಸರಿಹೋಗುತ್ತದೆ. ಬರೀ ಹೈಲೈಟ್ಸ್ ಮೇಲೆ, ಒಣ ಕೂದಲಿಗೆ, ಸಣ್ಣ ಬ್ರಷ್‌ನಲ್ಲಿ ಹಚ್ಚಿದೆ. ಪೊಟ್ಟಣದಲ್ಲಿ ಹೇಳಿದ ಸಮಯ ಬಿಟ್ಟು, ಬರೀ ನೀರಲ್ಲಿ ತೊಳೆದು ಟವೆಲ್‌ನಿಂದ ಒತ್ತಿದೆ. ಶಾಂಪೂ ಹಾಕಲಿಲ್ಲ. ಆಗ ಎಳೆ ತಾಮ್ರದ ತಂತಿಯ ಹಾಗೆ ಹೊಳೆಯುತ್ತಿತ್ತು. ನೋಡಿದರೆ ಭಯ ಆಗುತ್ತದೆ, ಆದರೆ ಅದು ಹಾಗೇ ಇರಬೇಕು. ಅದರ ಮೇಲೆ ನ್ಯೂಟ್ರಲ್ ಬ್ರೌನ್, ಅಂದರೆ ಆಶ್ ಕಡೆಗೂ ಗೋಲ್ಡ್ ಕಡೆಗೂ ವಾಲದ ಕಂದು, ಹಚ್ಚಿದೆ. ಬುಡದ ಕಡೆ ಮೊದಲು, ತುದಿಗೆ ಕೊನೆಯ ಕೆಲವು ನಿಮಿಷ ಮಾತ್ರ. ನಡುನಡುವೆ ಒರೆಸಿ ನೋಡುತ್ತಿದ್ದೆ. ತಾಮ್ರ ನಿಧಾನವಾಗಿ ಒಳಗೆ ಇಳಿದು ಕಂದು ಮೇಲೆ ಬಂತು. ಒದ್ದೆ ಕೂದಲು ಇರೋದಕ್ಕಿಂತ ಗಾಢವಾಗಿ ಕಾಣುತ್ತದೆ, ಹಾಗಾಗಿ ಒಂದೆರಡು ಎಳೆ ಒಣಗಿಸಿ ನೋಡಿದ ಮೇಲೇ ತೀರ್ಮಾನ ಮಾಡಬೇಕು.

ಒಣಗಿದ ಮೇಲೆ ಆ ಎಳೆಯನ್ನು ನನ್ನ ಸ್ವಂತ ಕೂದಲಿನ ಜೊತೆ ಹೆಣೆದು ನೋಡಿದೆ. ಹತ್ತಿರ ಹಿಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತಿತ್ತು. ಪಕ್ಕದ ಕೂದಲು ತನ್ನ ಪಾಡಿಗೆ ತಾನಿತ್ತು, ಕೆಂಪಾಗಿರಲಿಲ್ಲ. ಡೆಮಿ ಸುಮಾರು 20-24 ತೊಳೆತ ಬಾಳುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬ್ಲೀಚ್ ಕೂದಲಲ್ಲಿ ಅದಕ್ಕಿಂತ ಬೇಗ ಮಂಕಾಗುತ್ತದೆ ಅಂತಲೇ ಲೆಕ್ಕ ಹಾಕಿಕೊಳ್ಳಿ. ಫಿಲ್ಲರ್ ಇಲ್ಲದೆ ಬರೀ ಡೆಮಿ ಬ್ರೌನ್ ಹಚ್ಚಿದ ಎಳೆಯನ್ನೂ ಪಕ್ಕದಲ್ಲಿ ಇಟ್ಟಿದ್ದೆ. ಮೊದಲ ದಿನ ಎರಡಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ. ತೊಳೆಯುತ್ತಾ ಹೋದಂತೆ ಫಿಲ್ಲರ್ ಇಲ್ಲದ್ದು ಬೂದಿ ಹಸಿರಿನ ಕಡೆ ಹೋಯಿತು, ಫಿಲ್ಲರ್ ಇದ್ದದ್ದು ಜೇನು ಬಣ್ಣದ ಕಡೆ ಹೋಯಿತು. ಬಣ್ಣ ಹೋಗೋದನ್ನು ತಡೆಯಲು ಆಗುವುದಿಲ್ಲ, ಆದರೆ ಚೆಂದವಾಗಿ ಹೋಗಲಿ ಅಲ್ವಾ?

ಮೆಹಂದಿ ಮತ್ತು ಇಂಡಿಗೋ ಬಗ್ಗೆ ಕೇಳುವವರು ತುಂಬ. ನಿಜ ಹೇಳಬೇಕಂದರೆ ತತ್ವದಲ್ಲಿ ಇದೂ ಅದೇ ಎರಡು ಹಂತ. ಮೆಹಂದಿಯ ಕಿತ್ತಳೆ ಕೆಂಪು ಮೊದಲು, ಅದರ ಮೇಲೆ ಇಂಡಿಗೋದ ನೀಲಿ, ಎರಡೂ ಸೇರಿ ಕಂದು. ಕತ್ತರಿಸಿದ ಕೂದಲ ಮೇಲೆ ಮಾಡಿ ನೋಡಿದಾಗ ಬಣ್ಣ ಆಳವಾಗಿ ಬಂತು, ಎರಡು ಮೂರು ದಿನದಲ್ಲಿ ಇನ್ನೂ ಗಾಢವಾಯಿತು. ಬಾಳಿಕೆಯಲ್ಲಿ ಎಲ್ಲಕ್ಕಿಂತ ಮುಂದೆ. ಮೆಹಂದಿಯ ಲಾಸೋನ್ ಅನ್ನುವ ಬಣ್ಣ ಕೂದಲಿನ ಕೆರಾಟಿನ್‌ಗೆ ಅಂಟಿಕೊಂಡುಬಿಡುತ್ತದೆ. ಇಂಡಿಗೋವನ್ನೇ ನೇರವಾಗಿ ಹಚ್ಚಿದ ಇನ್ನೊಂದು ಗೊಂಚಲು ಮಾತ್ರ ನೀಲಿ ಹಸಿರಾಗಿ ಕೂತಿತು. ಮೆಹಂದಿ ಬಿಟ್ಟು ಇಂಡಿಗೋ ಮುಟ್ಟಲೇಬೇಡಿ.

ಆದರೂ ನನ್ನ ತಲೆಗೆ ಇದನ್ನು ಹಚ್ಚಲಿಲ್ಲ. ಇಂಡಿಗೋ ಕೂತ ಕೂದಲಿಗೆ ಮುಂದೆ ಯಾವಾಗಲಾದರೂ ಬ್ಲೀಚ್ ಹಾಕಿದರೆ ಹಸಿರು ಬರುವ ಸಾಧ್ಯತೆ ಇದೆ, ಅದನ್ನು ತೆಗೆಯೋದು ಬಹಳ ಕಷ್ಟ. ಇನ್ಮುಂದೆ ಹೈಲೈಟ್ಸ್ ಕಡೆ ತಲೆ ಹಾಕಿ ಮಲಗುವುದಿಲ್ಲ ಅನ್ನುವವರಿಗೆ ಮಾತ್ರ ಈ ದಾರಿ. ತೆಗೆದುಕೊಳ್ಳುವ ಪುಡಿಯಲ್ಲಿ ಎಲೆಯ ಪುಡಿ ಬಿಟ್ಟು ಬೇರೇನೂ ಇರಬಾರದು. ಕೆಲವು ಬೆರಕೆ ಮೆಹಂದಿಗಳಲ್ಲಿ ಲೋಹದ ಲವಣ ಇರುತ್ತದೆ, ಆಮೇಲೆ ಪೆರಾಕ್ಸೈಡ್ ತಾಗಿದರೆ ಕೂದಲು ಬಿಸಿಯಾಗಿ ಹಾಳಾಗುತ್ತದೆ.

ಕೊನೆಯದು ಸಲೂನ್‌ನ ಲೋಲೈಟ್ಸ್. ಎಲ್ಲ ಹೈಲೈಟ್ಸ್ ಮುಚ್ಚದೆ, ನಡುನಡುವೆ ಎಳೆ ಆರಿಸಿ ಫಾಯಿಲ್‌ನಲ್ಲಿ ಕಂದು ತುಂಬುತ್ತಾರೆ. ಬುಡದ ಹತ್ತಿರ ಗಾಢ ಬಣ್ಣ ಎಳೆದು ಗೆರೆ ಮಸುಕು ಮಾಡುತ್ತಾರೆ. ಇದನ್ನು ಮುಂದಲೆಯ ಕೂದಲಿಗೆ ಮಾಡಿಸಿಕೊಂಡೆ. ನೋಡಲು ಎಲ್ಲಕ್ಕಿಂತ ಸಹಜ ಇದೇ, ಅನುಮಾನವೇ ಇಲ್ಲ. ಯಾರ ಕೂದಲೂ ಒಂದೇ ಬಣ್ಣ ಇರುವುದಿಲ್ಲ. ಒಳಪದರ ಗಾಢ, ಬಿಸಿಲು ಬೀಳುವ ಹೊರಪದರ ಮತ್ತು ತುದಿ ತಿಳಿ. ತಲೆಗೆಲ್ಲ ಒಂದೇ ಕಂದು ಬಳಿದರೆ ವಿಗ್ ಹಾಕಿಕೊಂಡ ಹಾಗೆ ಕಾಣೋದು ಅದಕ್ಕೇ. ಖರ್ಚು ಜಾಸ್ತಿ, ಕೂತುಕೊಳ್ಳುವ ಹೊತ್ತೂ ಜಾಸ್ತಿ. ಕುರ್ಚಿಯಲ್ಲಿ ಕೂರುವ ಮುಂಚೆ ಒಂದು ಪ್ರಶ್ನೆ ಕೇಳಿ: ಬ್ರೌನ್ ಹಾಕುವ ಮೊದಲು ಫಿಲ್ಲರ್ ಹಾಕ್ತೀರಾ? ಕಾರಣ ಸಮೇತ ಉತ್ತರ ಕೊಡುವವರ ಕೈಗೆ ಧೈರ್ಯವಾಗಿ ತಲೆ ಕೊಡಬಹುದು. ಹೈಲೈಟ್ಸ್ ತೀರಾ ಹಳದಿ ಅಲ್ಲದೆ ಇನ್ನೂ ಕಿತ್ತಳೆ ಹಂತದಲ್ಲೇ ಇದ್ದರೆ ಫಿಲ್ಲರ್ ಬೇಕಾಗದೇ ಇರಬಹುದು, ಅದನ್ನೂ ಅವರೇ ಹೇಳಬೇಕು.

ಮನೆಯಲ್ಲಿ ಮಾಡುವವರಿಗೆ ನನ್ನ ಸಲಹೆ ಫಿಲ್ಲರ್ ಮತ್ತು ಡೆಮಿ. ಹೈಲೈಟ್ಸ್ ತೀರಾ ಸಣ್ಣ ಸಣ್ಣ ಎಳೆಗಳಾಗಿ ತಲೆ ತುಂಬ ಹರಡಿದ್ದರೆ ಬ್ರಷ್‌ನಲ್ಲಿ ಬೇರ್ಪಡಿಸೋದು ಕಷ್ಟ, ಆಗ ಸಲೂನ್ ವಾಸಿ. ಯಾವುದೂ ಬೇಡ ಅಂದರೆ ಸುಮ್ನೆ ಬೆಳೆಯಲು ಬಿಡಬಹುದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಭುಜದಷ್ಟು ಉದ್ದದವರು ಎಷ್ಟು ಕಾಯಬೇಕು ಅಂತ ಲೆಕ್ಕ ಹಾಕಿಕೊಳ್ಳಿ.

ಡೆವಲಪರ್ ಬೆರೆಸುವ ಯಾವುದೇ ಡೈಗೆ ಮುಂಚೆ ಅಲರ್ಜಿ ಪರೀಕ್ಷೆ ಬಿಡಬೇಡಿ. 48 ಗಂಟೆ ಮೊದಲು, ಡಬ್ಬಿಯಲ್ಲಿ ಹೇಳಿದ ಹಾಗೆ, ಕಿವಿಯ ಹಿಂದೆಯೋ ಮೊಣಕೈ ಒಳಭಾಗದಲ್ಲೋ ಹಚ್ಚಿ ನೋಡಿ. ಪಿಪಿಡಿ ಅನ್ನುವ ರಾಸಾಯನಿಕ ಗಾಢ ಬಣ್ಣದ ಡೈಗಳಲ್ಲಿ ಸಾಮಾನ್ಯ, ಅದಕ್ಕೆ ಅಲರ್ಜಿ ಆದರೆ ಮುಖ, ಕಣ್ಣು ಊದಿಕೊಳ್ಳಬಹುದು. ಹಿಂದೆ ಯಾವಾಗಲೋ ಕಪ್ಪು ಮೆಹಂದಿ ಟ್ಯಾಟೂ ಹಾಕಿಸಿ ಚರ್ಮ ಕೆರಳಿದ್ದರೆ ಡೈ ಹಚ್ಚಲು ಹೋಗಲೇಬೇಡಿ, ಮೊದಲು ಚರ್ಮದ ಡಾಕ್ಟರನ್ನು ಕೇಳಿ. ಒಂದು ಎಳೆಯ ಮೇಲೆ ಬಣ್ಣ ನೋಡಿಕೊಳ್ಳೋದು ಬೇರೆ, ಚರ್ಮದ ಪರೀಕ್ಷೆ ಬೇರೆ. ಎರಡೂ ಬೇಕು.

ಬಣ್ಣ ಹಚ್ಚಿದ ಮೇಲೆ ಎರಡು ಮೂರು ದಿನ ಶಾಂಪೂ ಬೇಡ. ಆಮೇಲೂ ಸಲ್ಫೇಟ್ ಇಲ್ಲದ್ದು, ಬಿಸಿ ಕಡಿಮೆ ಇರುವ ನೀರು. ಈಜುಕೊಳಕ್ಕೆ ಇಳಿಯುವ ಮುಂಚೆ ಕೂದಲನ್ನು ಒಳ್ಳೇ ನೀರಲ್ಲಿ ನೆನೆಸಿ ಕ್ಯಾಪ್ ಹಾಕಿಕೊಳ್ಳಿ, ಕೊಳದ ನೀರಿನಲ್ಲಿರುವ ತಾಮ್ರದಿಂದ ಬ್ಲೀಚ್ ಕೂದಲು ಹಸಿರಾಗೋದುಂಟು. ಕಂದು ಮಂಕಾಗಿದೆ ಅನ್ನಿಸಿದಾಗ ಹಗಲು ಬೆಳಕಲ್ಲಿ ನೋಡಿ. ಎಳೆ ಜೇನು ಬಣ್ಣ ಅಥವಾ ತಾಮ್ರದ ಕಡೆ ಇದ್ದರೆ ಒಳಗಿನ ಕೆಂಪು ಇನ್ನೂ ಇದೆ, ಮೇಲೆ ಡೆಮಿ ಬ್ರೌನ್ ಒಂದು ಸಲ ಹಚ್ಚಿದರೆ ಸಾಕು. ತಿಳಿ ಹಳದಿಗೆ ಬಂದಿದ್ದರೆ ಮತ್ತೆ ಫಿಲ್ಲರ್‌ನಿಂದಲೇ ಶುರು.