ತಪ್ಪು ಹಿಡಿದು ಕೊಟ್ಟ ಸ್ಲಬ್

ನಮ್ಮ ಬೋರ್ಡಿನಲ್ಲಿ ಇದ್ದದ್ದು 64 ಎಂಬಿ ರ‍್ಯಾಮ್, ಲಿನಕ್ಸ್ ಕರ್ನಲ್ 5.10. ಆ ಕರ್ನಲ್‌ನಲ್ಲಿ ಮೆಮೊರಿ ಅಲೊಕೇಟರ್, ಅಂದರೆ ಕರ್ನಲ್ ಒಳಗೆ ಕೇಳಿದವರಿಗೆ ಮೆಮೊರಿ ಹಂಚುವ ಭಾಗ, ಯಾವುದು ಅಂತ ನಾವೇ ಆರಿಸಬೇಕಿತ್ತು: ಸ್ಲ್ಯಾಬ್ (SLAB), ಸ್ಲಬ್ (SLUB), ಸ್ಲಾಬ್ (SLOB). ಸ್ಲಾಬ್ ಎಲ್ಲಕ್ಕಿಂತ ಚಿಕ್ಕದು, ಜಾಗ ಉಳಿಯುತ್ತದೆ ಅಂತ ಅದನ್ನೇ ಹಾಕಿದೆ. ಆಮೇಲೆ ನಾನು ಬರೆದ ಡ್ರೈವರ್ ತೆಗೆದಾಗಲೆಲ್ಲ ಬೋರ್ಡು ಎಲ್ಲೆಲ್ಲೋ ಕ್ರ್ಯಾಶ್ ಆಗತೊಡಗಿತು. ಒಂದು ಸಲ ನೆಟ್‌ವರ್ಕ್ ಕೋಡಿನಲ್ಲಿ, ಇನ್ನೊಂದು ಸಲ ಫೈಲ್ ಸಿಸ್ಟಮ್‌ನಲ್ಲಿ. ಎರಡು ವಾರ ಹುಡುಕಿದರೂ ಸಿಗಲಿಲ್ಲ.

ಕೊನೆಗೆ ಸ್ಲಬ್‌ಗೆ ಬದಲಾಯಿಸಿ, ಬೂಟ್ ಆಗುವಾಗ ಅದರ ಡೀಬಗ್ ಆನ್ ಮಾಡಿದೆ. ಹೀಗೆ ಮಾಡಿದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಅದು 6ಬಿ ಅನ್ನುವ ಬೈಟ್‌ನಿಂದ (ಹೆಕ್ಸ್ ಸಂಖ್ಯೆ) ತುಂಬಿಡುತ್ತದೆ, ಮತ್ತೆ ಅದೇ ಜಾಗ ಕೊಡುವ ಮುಂಚೆ ಹಾಗೇ ಇದೆಯಾ ಅಂತ ನೋಡುತ್ತದೆ. ಮೊದಲ ದಿನವೇ ಲಾಗ್‌ನಲ್ಲಿ ಬಂತು: 6ಬಿ ಇರಬೇಕಾದ ಕಡೆ 6ಎ. ಅಂದರೆ ಯಾರೋ ಒಂದು ಕಳೆದಿದ್ದಾರೆ! ಕೆಳಗೆ ಆ ಮೆಮೊರಿ ಯಾರು ಪಡೆದರು, ಯಾರು ಬಿಟ್ಟರು ಅನ್ನುವುದೂ ಇತ್ತು, ಬಿಟ್ಟದ್ದು ಡ್ರೈವರ್ ತೆಗೆಯುವಾಗ ಓಡುವ ನನ್ನದೇ ರಿಮೂವ್ ಫಂಕ್ಷನ್. ನಾನು ಕೆಫ್ರೀ (ಮೆಮೊರಿ ಬಿಟ್ಟುಕೊಡುವ ಫಂಕ್ಷನ್) ಮೊದಲು ಮಾಡಿ, ಇಂಟರಪ್ಟ್ (ಹಾರ್ಡ್‌ವೇರ್ ಕಳಿಸುವ ಸೂಚನೆ) ಆಮೇಲೆ ಬಿಡುತ್ತಿದ್ದೆ, ನಡುವೆ ಓಡಿದ ಇಂಟರಪ್ಟ್ ಹ್ಯಾಂಡ್ಲರ್ ಆಗಲೇ ಬಿಟ್ಟ ಮೆಮೊರಿಯಲ್ಲಿದ್ದ ಕೌಂಟರನ್ನು ಒಂದು ಇಳಿಸುತ್ತಿತ್ತು. ಎರಡು ಸಾಲು ಅದಲು ಬದಲು ಮಾಡಿದೆ, ಮುಗಿಯಿತು.

ಸ್ಲಬ್‌ನಲ್ಲಿ ಕೊರತೆ ಇಲ್ಲ ಅಂತಲ್ಲ. 100 ಬೈಟ್ ಕೇಳಿದರೆ 128 ಕೊಡುತ್ತದೆ, ಮಿಕ್ಕ 28 ವ್ಯರ್ಥ. ಡೀಬಗ್ ಆನ್ ಇದ್ದರೆ ಇನ್ನೂ ಜಾಸ್ತಿ ಜಾಗ ತಿನ್ನುತ್ತದೆ, ನಿಧಾನವೂ ಆಗುತ್ತದೆ, ಹಾಗಾಗಿ ಗ್ರಾಹಕರಿಗೆ ಕೊಡುವ ಬೋರ್ಡಿನಲ್ಲಿ ಆಫ್ ಇಡಿ. ಒಂದೇ ಅಳತೆಯ ಕ್ಯಾಶ್‌ಗಳನ್ನು (ಒಂದೇ ಗಾತ್ರದ ಮೆಮೊರಿ ತುಂಡುಗಳ ಗುಂಪುಗಳನ್ನು) ಸುಮ್ನೆ ಸೇರಿಸಿಬಿಡುತ್ತದೆ, ನನ್ನ ಕ್ಯಾಶ್‌ನ ಹೆಸರೇ ಪಟ್ಟಿಯಲ್ಲಿ ಇಲ್ಲದೆ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ. ಸೇರಿಸಬೇಡ ಅನ್ನುವ ಬೂಟ್ ಆಯ್ಕೆ ಇದೆ, ಹುಡುಕಾಟದ ಹೊತ್ತಲ್ಲಿ ಅದನ್ನು ಹಾಕಿಕೊಳ್ಳಿ.

2007ರಲ್ಲಿ ಕರ್ನಲ್ 2.6.22ರ ಜೊತೆ ಬಂದ ಸ್ಲಬ್ ಈಗ ಒಂದೇ ಉಳಿದಿದೆ. 6.4ರಲ್ಲಿ ಸ್ಲಾಬ್, 6.8ರಲ್ಲಿ ಸ್ಲ್ಯಾಬ್ ತೆಗೆದರು. ಹಾಗಾದರೆ ಆರಿಸುವ ಕೆಲಸವೇ ಇಲ್ಲ ಅಲ್ವಾ ಅಂದುಕೊಳ್ಳಬೇಡಿ. ಪುಟ್ಟ ಬೋರ್ಡುಗಳಿಗೆ ಅಂತ ಸ್ಲಬ್ ಟೈನಿ ಅನ್ನುವ ಆಯ್ಕೆ ಇದೆ. 16 ಎಂಬಿಗಿಂತ ಜಾಸ್ತಿ ರ‍್ಯಾಮ್ ಇದ್ದರೆ ಬೇಡ ಅಂತ ಅದರ ವಿವರಣೆಯಲ್ಲೇ ಬರೆದಿದೆ. ಅದನ್ನು ಹಾಕಿದರೆ ಈ ಡೀಬಗ್ ಸಿಗುವುದಿಲ್ಲ. ನನ್ನ 64 ಎಂಬಿ ಬೋರ್ಡಿಗೆ ಅದನ್ನು ಖಂಡಿತ ಹಾಕುವುದಿಲ್ಲ.