ಪದ್ಮಿನಿ ಇಂಜಿನ್ ಕೆಲಸಕ್ಕೆ ಶಿವಮೊಗ್ಗ ದಾಟಿ ಹೋಗೋದೇನೂ ಬೇಡ

ಹಳೆ ಪ್ರೀಮಿಯರ್ ಪದ್ಮಿನಿ ಇಟ್ಕೊಂಡಿರೋರು ಇಂಜಿನ್ ಬಿಚ್ಚಿಸ್ಬೇಕು ಅಂದ್ರೆ ಸೀದಾ ಬೆಂಗಳೂರಿಗೆ ಲಾರಿ ಹತ್ತಿಸ್ತಾರೆ, ಅದೇನೂ ಬೇಡ ಮಾರಾಯ್ರೆ. ಶಿವಮೊಗ್ಗದಲ್ಲೇ ಸಾಗರ ರೋಡಿನ ಆಟೋ ಕಾಂಪ್ಲೆಕ್ಸ್ ಒಳಗೆ ಲೇತ್ ಅಂಗಡಿಗೆ ತಾಗಿಕೊಂಡೇ ಒಂದು ಸಣ್ಣ ಗ್ಯಾರೇಜ್ ಇದೆ, ಅಲ್ಲಿನ ಭಾಯ್ ಕೈಗೆ ಕೊಡಿ. ನಮ್ಮನೆ ಗಾಡಿ ಅಲ್ಲೇ ರೆಡಿ ಆಗಿದ್ದು, ಮಳೆಗಾಲ ಪೂರ್ತಿ ಓಡ್ಸಿ ನೋಡಿ ಬರೀತಿದೀನಿ.

ನಂಗೆ ತುಂಬಾ ಹಿಡಿಸಿದ್ದು ಅವ್ರ ಅಳತೆ. ಬಿಚ್ಚಿದ ತಕ್ಷಣ ಬೋರಿಂಗ್‌ಗೆ (ಸಿಲಿಂಡರ್ ಒಳಗೋಡೆ ಕೊರೆದು ಅಗಲ ಮಾಡೋದು) ಕಳ್ಸಲ್ಲ, ಒಳಗಿನ ಅಗಲ ಅಳೆಯೋ ಬೋರ್ ಗೇಜ್ ಇಳಿಸಿ ಒಂದೊಂದು ಸಿಲಿಂಡರೂ ಮೇಲೆ, ಮಧ್ಯ, ಕೆಳಗೆ ಎಷ್ಟು ಸವೆದಿದೆ ಅಂತ ನೋಡಿ ಬ್ಲಾಕ್ ಮೇಲೇ ಚಾಕ್‌ಪೀಸಲ್ಲಿ ಬರೀತಾರೆ. ಹೊಸ ಪಿಸ್ಟನ್ ಕೈಗೆ ಬಂದು ಅದನ್ನೂ ಮೈಕ್ರೋಮೀಟರ್‌ನಲ್ಲಿ ಹಿಡಿದ ಮೇಲೇ ಬೋರಿಂಗ್, ಆಮೇಲೆ ಒಳಗೋಡೆ ಉಜ್ಜಿ ನಯ ಮಾಡೋ ಹೋನಿಂಗ್. ಡಬ್ಬದ ಮೇಲಿನ ಸೈಜ್ ನಂಬ್ಕೊಂಡು ಮೊದಲೇ ಬೋರ್ ಮಾಡ್ಸಿದ್ರೆ ಒಂದೋ ಪಿಸ್ಟನ್ ಜಾಮ್ ಆಗುತ್ತೆ ಇಲ್ಲಾ ಬಡಿಯುತ್ತೆ. ನಾಲ್ಕೂ ಪಿಸ್ಟನ್ನು, ಕನೆಕ್ಟಿಂಗ್ ರಾಡು ತೂಕ ಹಾಕಿ ಸರಿ ಮಾಡಿದ್ರು, ಈಗ ಐಡ್ಲಿಂಗಲ್ಲಿ ಗೇರ್ ಲಿವರ್ ನಡುಗೋದೇ ನಿಂತೋಗಿದೆ.

ಸ್ವಲ್ಪ ಪಿಕಪ್ ಜಾಸ್ತಿ ಬೇಕು ಅಂದೆ. "ಸರ್, ಇದು 1089 ಸಿಸಿ ಇಂಜಿನ್, ರೇಸ್ ಕ್ಯಾಮ್, ಅಂದ್ರೆ ವಾಲ್ವ್ ಜಾಸ್ತಿ ಹೊತ್ತು ತೆರೆದಿಡೋ ಶಾಫ್ಟ್, ಹಾಕಿದ್ರೆ ಇಂಜಿನ್ ನಿಧಾನ ತಿರುಗುವಾಗಿನ ಎಳೆತ ಹೋಗ್ಬಿಡುತ್ತೆ, ಘಾಟಿ ಹತ್ತೋ ಗಾಡಿಗೆ ಅದೇ ಬೇಕಾಗಿರೋದು" ಅಂದ್ರು. ಹಂಗಾಗಿ ಕ್ಯಾಮ್ ಹಳೇದೇ, ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ತಳ ಸ್ವಲ್ಪವೇ ಹೆರೆದು ಸ್ಕಿಮ್ಮಿಂಗ್, ವಾಲ್ವ್ ಬಂದು ಕೂರೋ ಸೀಟ್ ನೀಟಾಗಿ ಕಟ್ ಮಾಡಿ, ಮ್ಯಾನಿಫೋಲ್ಡ್ ಪೈಪಿನ ತೂತು ಹೆಡ್ ತೂತಿಗೆ ಸರಿಯಾಗಿ ಕೂರೋ ಹಾಗೆ ಉಜ್ಜಿದ್ರು, ಅಷ್ಟೇ. ಎಕ್ಸಾಸ್ಟ್ ಸೀಟ್ ಮಾತ್ರ ಗಟ್ಟಿ ಲೋಹದ್ದು ಹಾಕಿದಾರೆ, ಈ ಇಂಜಿನ್ ಸೀಸ ಇರೋ ಪೆಟ್ರೋಲ್ ಕಾಲದ್ದು, 2000ಕ್ಕೆ ಅದು ದೇಶದಲ್ಲೇ ನಿಂತೋಯ್ತು, ಸೀಸ ಇಲ್ದೆ ಮೆತ್ತನೆ ಸೀಟ್ ಬೇಗ ಸವೆಯುತ್ತೆ. ಈಗಿನ 20% ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ ಹಳೆ ರಬ್ಬರ್ ಪೈಪ್ ತಾಳಲ್ಲ ಅಂತ ಪೈಪು, ಪಂಪಿನ ಡಯಾಫ್ರಂ ಬದಲಾಯ್ಸಿ, ಗಾಳಿ-ಪೆಟ್ರೋಲ್ ಮಿಕ್ಸ್ಚರ್ ತೆಳು ಆಗ್ದಿರ್ಲಿ ಅಂತ ಕಾರ್ಬ್ಯುರೇಟರ್ ಜೆಟ್ (ಪೆಟ್ರೋಲ್ ಬರೋ ಸಣ್ಣ ತೂತು) ಒಂದು ಸೈಜ್ ದೊಡ್ಡದು ಹಾಕಿದ್ರು. ಬ್ಲಾಕ್ ಒಳಗಿನ ನೀರಿನ ದಾರಿಲಿ ಕಟ್ಟಿದ್ದ ತುಕ್ಕು ತೆಗೆದು ರೇಡಿಯೇಟರ್ ಪೈಪುಗಳೊಳಗೆ ರಾಡ್ ಹೊಡ್ಸಿ ಕ್ಲೀನ್ ಮಾಡ್ಸಿದ್ದೂ ಅವ್ರೇ. ಸೋಮೇಶ್ವರದಿಂದ ಆಗುಂಬೆ 14 ತಿರುವೂ ಎಸಿಲ್ಲದ ಈ ಗಾಡಿಲಿ ಫುಲ್ ಲೋಡ್ ಹತ್ತಿಸಿದ್ವಿ, ಟೆಂಪರೇಚರ್ ಮುಳ್ಳು ಮಧ್ಯ ಬಿಟ್ಟು ಅಲ್ಲಾಡ್ಲಿಲ್ಲ!

ಬೇಜಾರು ಅಂದ್ರೆ ಟೈಮ್. ಹೇಳಿದ ದಿನಕ್ಕೆ ಕೊಡಲ್ಲ, ಫೋನ್ ಎತ್ತಲ್ಲ, ಎದುರಿಗೆ ಹೋಗಿ ನಿಂತ್ರೇನೇ ಮಾತು. ಬಿಲ್ಲೂ ಒಂದು ಚೀಟಿಲಿ ಒಟ್ಟು ಮೊತ್ತ ಬರೆದು ಕೊಡ್ತಾರೆ, ಯಾವುದಕ್ಕೆ ಎಷ್ಟು ಅಂತ ನೀವೇ ಕೇಳಿ ಬರ್ಸ್ಕೋಬೇಕು. ದುಡ್ಡು ಬೆಂಗಳೂರಿಗಿಂತ ಕಮ್ಮಿ, ಹಾಗಂತ ಸಸ್ತಾನೂ ಅಲ್ಲ, ಆದ್ರೆ ತೆಗೆದ ಹಳೆ ಸಾಮಾನೆಲ್ಲ ಗೋಣಿಚೀಲಕ್ಕೆ ಹಾಕಿ ವಾಪಸ್ ಕೊಟ್ರು.

ಗಾಡಿ ವಾಪಸ್ ತಂದ ಮೇಲೆ 500 ಕಿಲೋಮೀಟರ್‌ಗೆ ಆಯಿಲ್ ಚೇಂಜ್, ಹೆಡ್ ಬೋಲ್ಟ್ ಟೈಟ್, ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್ ಸಂದು ಸರಿ ಮಾಡೋದು) ಮಾಡ್ತಾರೆ, ಲೇಬರ್ ತಗೊಳ್ಳಲ್ಲ. ಗಾಡಿ ಚೆನ್ನಾಗೇ ಓಡ್ತಿದೆಯಲ್ಲ ಅಂತ ಅದನ್ನ ಮಾತ್ರ ಬಿಡ್ಬೇಡಿ, ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ್ಲೇ ಬೇಕು, ಹಿಂದಿನ ದಿನ ಸಂಜೆನೇ ಬಿಟ್ಟು ಬನ್ನಿ.